ಸೋದರಮಾವನ ಸಾಕ್ಷಿ

ನನ್ನನ್ನು ಬಾರಿಗೆ ಕಳಿಸಿದ್ದು ನನ್ನ ಭಾವ ತುಳಜಪ್ಪ. ಜಹೀರಾಬಾದಿನಲ್ಲಿ ಈಗ ಯಾರನ್ನು ಕೇಳಿದರೂ ಕಾಶಿರಾಮ ತಾನೇ ಕುಣಿಯುತ್ತ ಹೋದ ಅನ್ನುತ್ತಾರೆ. ಶುದ್ಧ ಸುಳ್ಳು. ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಆಳುಗಳ ಹಾಜರಿ ಹಿಡಿದುಕೊಂಡು ತೆಪ್ಪಗಿದ್ದವನನ್ನು ಫೋನ್ ಮಾಡಿ ಕರೆಸಿಕೊಂಡವರು ಅವರು.

ಸಂಗತಿ ಇಷ್ಟು. ಅಕ್ಕನ ಮಗಳು ಮಾಧುರಿ ನಾರಾಯಣಖೇಡದ ಮುಕುಂದನನ್ನು ಮೆಚ್ಚಿದ್ದಳು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. ಜಾತಿ ಕೂಡಿತ್ತು, ಮನೆತನ ಕೂಡಿತ್ತು. ಆದರೆ ಹುಡುಗ ಹೈದರಾಬಾದಿನ ದೊಡ್ಡ ಹೋಟೆಲಿನ ಬಾರಿನಲ್ಲಿ ಕಾಕ್‌ಟೇಲ್ ಮಾಡುವ ಕೆಲಸದವನು. ಭಾವನೋ ಪಂಢರಪುರದ ತುಳಸಿ ಮಾಲೆ ಕೊರಳಿಗೆ ಹಾಕಿದವರು. ಮಾಲೆ ಹಾಕಿದವರು ಮಾಂಸ ಮುಟ್ಟುವುದಿಲ್ಲ, ಹೆಂಡದಂಗಡಿಯ ನೆರಳೂ ತುಳಿಯುವುದಿಲ್ಲ.

"ಹುಡುಗ ಖರೇನೇ ಕುಡ್ಯಾಂಗಿಲ್ಲೇನು, ಕಣ್ಣಿಂದ ನೋಡ್ಕೊಂಡು ಬಾ," ಅಂದರು ಭಾವ. "ನಾ ಅಲ್ಲಿ ಕಾಲಿಡಾಂಗಿಲ್ಲ. ನೀ ಸೋದರಮಾವ. ನೀ ಒಪ್ಪದೆ ಹುಡುಗಿ ಕೊಡೂ ಪದ್ಧತಿ ನಮ್ಮಲ್ಲಿಲ್ಲ. ಮ್ಯಾಲ, ಆ ಜಾಗದ ರೀತಿ ನಿನಗ ಗೊತ್ತು."

ಆ ಕೊನೆಯ ಮಾತಿಗೆ ನನಗೆ ಉರಿದುಹೋಯಿತು. ಕುಡಿತ ಬಿಟ್ಟು ಆರು ತಿಂಗಳಾಗಿತ್ತು. ಬಿಟ್ಟವನಿಗೂ ಬಿಡದವನಿಗೂ ಇವರ ಲೆಕ್ಕದಲ್ಲಿ ಫರಕೇ ಇಲ್ಲ. ಅಕ್ಕ ಸುಂದರಬಾಯಿ ಬೇರೆ ನನ್ನ ಕೈ ಹಿಡಿದು ಮಗಳ ತಲೆಯ ಮೇಲೆ ಇಟ್ಟಳು.

"ಒಂದ್ ಹನಿ ಮುಟ್ಟಬ್ಯಾಡ ತಮ್ಮಾ."

"ಮುಟ್ಟಾಂಗಿಲ್ಲ ಬಿಡಕ್ಕ," ಅಂದೆ. ಮನಸ್ಸಿನಿಂದಲೇ ಅಂದೆ.

ಮುಕುಂದನ ಪಾಳಿ ಎರಡಕ್ಕೆ ಶುರು. ನಾನು ಹೈದರಾಬಾದಿನಲ್ಲಿ ಬಸ್ಸು ಇಳಿದಾಗ ಹನ್ನೊಂದು. ಮೂರು ತಾಸು ಎಲ್ಲಿ ಕೂರಬೇಕು? ಆಗ ತಲೆಗೆ ಒಂದು ವಿಚಾರ ಬಂತು. ಬೇರೆ ಬಾರಿನವರು ಹೇಗಿರುತ್ತಾರೆ ಅಂತ ನೋಡದೆ ಈ ಹುಡುಗ ಒಳ್ಳೆಯವನೋ ಕೆಟ್ಟವನೋ ಅಂತ ಹೇಗೆ ಹೇಳುವುದು? ವಿಚಾರ ಎಷ್ಟು ಸರಿಯಾಗಿ ಕಂಡಿತು ಅಂದರೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕುಡುಕನ ತಲೆ ಇಂಥ ಹೊತ್ತಿನಲ್ಲಿ ವಕೀಲರ ತಲೆಗಿಂತ ಚುರುಕು.

ಆಬಿಡ್ಸ್ ಕಡೆಯ ಒಂದು ಹಳೆಯ ಬಾರು. ಕಟ್ಟಿಗೆಯ ಮೆಟ್ಟಿಲು, ಮೇಲೆ ಮಂದ ಬೆಳಕು. ಸೋಡಾ ಹೇಳಿ ಕೂತೆ. ದೇವರಾಣೆ, ಸೋಡಾನೇ ಹೇಳಿದ್ದು. ಪಕ್ಕದಲ್ಲೊಬ್ಬರು ಮುದುಕರು, ಇಸ್ತ್ರಿ ಮಾಡಿದ ಅಂಗಿ. ಅವರ ಮುಂದೆ ಕೆಂಪು ಚಹಾದ ಬಣ್ಣದ ಗ್ಲಾಸು, ಅದರಲ್ಲಿ ಒಂದೇ ದೊಡ್ಡ ಬರ್ಫದ ಗಡ್ಡೆ, ಮೇಲೊಂದು ಕಿತ್ತಳೆ ಸಿಪ್ಪೆ. ಏನದು ಅಂತ ಕೇಳಿದೆ.

"ಓಲ್ಡ್ ಫ್ಯಾಶನ್ಡ್, ವಿಸ್ಕಿದು. ಮಿಯಾ, ಇದನ್ನ ಕುಡೀದೆ ಶಹರ ನೋಡಿದೆ ಅಂದ್ರ ಏನ್ ನೋಡಿದಾಂಗ?" ಅಂದರು ಅರ್ಧ ಉರ್ದುವಿನಲ್ಲಿ.

ನಾನು ಎದ್ದು ಹೋಗಬೇಕಿತ್ತು. ಬಾಯಿ ತಾನಾಗಿ "ನನಗೂ ಒಂದು" ಅಂದಿತು. ಗ್ಲಾಸು ಬಂತು. ನಮ್ಮ ಕಡೆಯ ಪದ್ಧತಿಯಂತೆ ಬೆರಳು ಅದ್ದಿ ಹಿರಿಯರ ಹೆಸರಿನಲ್ಲಿ ಎರಡು ಹನಿ ನೆಲಕ್ಕೆ ಚಿಮುಕಿಸಿದೆ. ವೇಟರ್ ಓಡಿ ಬಂದು ಬಟ್ಟೆಯಿಂದ ನೆಲ ಒರೆಸಿ, ಗ್ಲಾಸು ಸೋರುತ್ತಿದೆಯೇ ಅಂತ ಎತ್ತಿ ನೋಡಿದ. ನಕ್ಕುಬಿಟ್ಟೆ. ಆರು ತಿಂಗಳು ಆ ನಗುವಿನಲ್ಲಿ ಮುಗಿದುಹೋದವು.

ಎರಡನೆಯ ಬಾರು ಬಂಜಾರಾ ಹಿಲ್ಸ್ ಮೇಲೆ. ಅಲ್ಲಿ ಮಾರ್ಟಿನಿ. ಉದ್ದ ಕಾಲಿನ ಗ್ಲಾಸಿನಲ್ಲಿ ಬೋರೆಹಣ್ಣು ತೇಲುತ್ತಿದೆ ಅಂದುಕೊಂಡು ಬಾಯಿಗೆ ಹಾಕಿದರೆ ಉಪ್ಪುಪ್ಪು, ಆಲಿವ್ ಕಾಯಿಯಂತೆ ಅದು. ಆಮೇಲೆ ಬ್ಲಡಿ ಮೇರಿ. ಹೆಸರು ಅಷ್ಟು ದೊಡ್ಡದು, ಕುಡಿದರೆ ಅಕ್ಕ ಮಾಡುವ ಟೊಮೇಟೊ ಸಾರು. ಒಗ್ಗರಣೆ ಇಲ್ಲ, ಅಷ್ಟೇ. ಅಲ್ಲಿನ ಹುಡುಗ ಮರೆಯಲ್ಲಿ ಎರಡು ಸಲ ಗುಟುಕರಿಸಿದ್ದನ್ನು ನೋಡಿದೆ. ನೋಡುವ ಕೆಲಸ ಬಿಟ್ಟಿರಲಿಲ್ಲ ನಾನು.

ಮುಕುಂದನ ಹೋಟೆಲು ಮುಟ್ಟಿದಾಗ ಎರಡೂವರೆ. ಮೂಲೆಯಲ್ಲಿ ಕೂತು ನೋಡಿದೆ. ಬಿಳಿ ಅಂಗಿಯ ಸಣಕಲು ಹುಡುಗ. ಅಳೆದು ಹಾಕುತ್ತಾನೆ, ಮೂಸಿ ನೋಡುತ್ತಾನೆ, ಒಂದು ಸಲವೂ ನಾಲಗೆಗೆ ಹಚ್ಚುವುದಿಲ್ಲ. ಸೂಟು ಹಾಕಿದವನೊಬ್ಬ ಕಾರಿನ ಚಾವಿ ಮೇಜಿಗೆ ಕುಟ್ಟುತ್ತ ಇನ್ನೊಂದು ಕೊಡು ಅಂತ ಜೋರು ಮಾಡಿದ. ಮುಕುಂದ ಕೊಡಲಿಲ್ಲ. ಚಾವಿ ಇಸಿದುಕೊಂಡು, ಬೈಗುಳ ತಿಂದು, ಟ್ಯಾಕ್ಸಿ ತರಿಸಿ ಅವನನ್ನು ಕೈಹಿಡಿದು ಕೂರಿಸಿ ಬಂದ. ಇಂಥವನೊಬ್ಬ ನನಗೆ ಇಪ್ಪತ್ತು ವರ್ಷದ ಹಿಂದೆ ಸಿಕ್ಕಿದ್ದರೆ ಅನ್ನಿಸಿ ಕಣ್ಣು ತುಂಬಿ ಬಂತು.

ಆಮೇಲೆ ಅವನು ನನ್ನ ಹತ್ತಿರ ಬಂದ. "ಕಾಶಿರಾಮ ಮಾಮಾ ಅಲ್ರಿ? ಮಾಧುರಿ ನಿಮ್ಮ ಫೋಟೋ ಕಳಿಸ್ಯಾಳ." ನಿಂಬೆ, ಶುಂಠಿ, ಪುದೀನ ಹಾಕಿದ ಗ್ಲಾಸು ಮುಂದಿಟ್ಟ. "ಇದರಾಗ ಏನೂ ಇಲ್ರಿ. ಖಾಲಿ ಶರಬತ್ತು." ನನ್ನ ಮುಖ ನೋಡಿ ದನಿ ತಗ್ಗಿಸಿದ. "ನೀವು ಮೊದಲೇ ತಗೊಂಡೀರಿ. ಇವತ್ತು ಊರಿಗೆ ಹೋಗಬ್ಯಾಡ್ರಿ ಮಾಮಾ. ನನ್ನ ರೂಮಿನಾಗ ಮಲಗ್ರಿ. ನಾಳೆ ಸ್ನಾನ ಮಾಡಿ ಹೋಗ್ರಿ."

ಎಷ್ಟು ಸರಿಯಾದ ಮಾತು. ನಾನು ಕೇಳಲಿಲ್ಲ. ಒಳ್ಳೆಯ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಒಂದು ರಾತ್ರಿ ಕಾಯುವುದು ಆಗಲಿಲ್ಲ ನನ್ನಿಂದ. ಆ ಹುಡುಗಿಯ ಮುಖ ನೋಡಬೇಕಿತ್ತು. ನಾಲ್ಕೂವರೆಯ ಬಸ್ಸು ಹತ್ತಿ, ದಾರಿಯುದ್ದಕ್ಕೂ ಲವಂಗ ಅಗಿದೆ.

ದೀಪ ಹಚ್ಚುವ ಹೊತ್ತಿಗೆ ಜಹೀರಾಬಾದಿನ ಮನೆಯಲ್ಲಿದ್ದೆ. ಭಾವ ವಿಠಲನ ಫೋಟೋದ ಮುಂದೆ ಕೂತಿದ್ದರು. ಕಂಡದ್ದೆಲ್ಲ ಹೇಳಿದೆ. ಚಾವಿಯ ಸಂಗತಿ ಹೇಳುವಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಧುರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಲವಂಗ ತನ್ನ ಕೆಲಸ ಮಾಡಿತ್ತು. ಯಾರಿಗೂ ವಾಸನೆ ಹತ್ತಿರಲಿಲ್ಲ.

ಭಾವನಿಗೆ ಸಂತೋಷವೇ ಆಗಿತ್ತು. ಎದ್ದು ಬಂದು ಕೊರಳ ಮಾಲೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಹಿಡಿದರು. "ಛಲೋ ಆತು. ಮಾಲಿ ಮುಟ್ಟಿ ಒಂದ್ ಮಾತು ಹೇಳಿಬಿಡು. ಈಗಲೇ ನಾರಾಯಣಖೇಡಕ್ಕ ಫೋನ್ ಹಚ್ಚತೀನಿ."

ಆ ಮನೆಯಲ್ಲಿ ದೊಡ್ಡ ಮಾತು ಹಾಗೇ ಆಗುವುದು. ಹೊಲ ಪಾಲು ಮಾಡಿಕೊಂಡಾಗಲೂ ಅಣ್ಣತಮ್ಮಂದಿರು ಆ ಮಾಲೆ ಮುಟ್ಟಿಯೇ ಒಪ್ಪಿದ್ದರು. ಕುಡಿದ ಮೈಯಿಂದ ಮಾತ್ರ ಅದನ್ನು ಮುಟ್ಟುವಂತಿಲ್ಲ. ಇದು ನನಗೆ ಹಾಲುಹಲ್ಲಿನ ಕಾಲದಿಂದ ಗೊತ್ತು. ಮುಟ್ಟಿಬಿಟ್ಟಿದ್ದರೆ ಮದುವೆ ಆಗುತ್ತಿತ್ತು. ಕೈ ಮುಂದೆ ಚಾಚಿದೆ. ಅರ್ಧಕ್ಕೆ ಹೋಗಿ ನಿಂತಿತು. ಎಷ್ಟು ದೂಡಿದರೂ ಮುಂದೆ ಹೋಗಲಿಲ್ಲ. ಕೊನೆಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಭಾವ ಮಾಲೆ ಬಿಟ್ಟರು. "ಕುಡಸಿ ಕಳಿಸ್ಯಾನೇನು?"

"ಇಲ್ರಿ ಭಾವ. ಅವ ಶರಬತ್ತು ಕೊಟ್ಟಾನ. ನಾನೇ ಮೊದಲು ಬ್ಯಾರೆ ಕಡೆ..."

"ಬಾರಿನಾಂವ ಶರಬತ್ತು ಕೊಟ್ಟ. ಹೌದಿಲ್ಲ?"

"ನಾಳೆ ಸ್ನಾನ ಮಾಡಿ ಮುಟ್ಟಿ ಹೇಳತೀನ್ರಿ. ನಾ ಹೇಳಿದ್ದೆಲ್ಲ ಖರೆ. ಹುಡುಗ ಬಂಗಾರ ಅದಾನ."

"ನಿನಗ ಬಂಗಾರನೇ ಕಾಣಬೇಕು," ಅಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅಂಗಳಕ್ಕೆ ಹೋಗಿ ಫೋನು ಹಚ್ಚಿದರು. ನಕ್ಷತ್ರ ಕೂಡಲಿಲ್ಲ, ತಪ್ಪು ತಿಳಿಬ್ಯಾಡ್ರಿ ಅಂತ ಮೆತ್ತಗೆ ಹೇಳುವುದು ಒಳಗೆ ಕೇಳುತ್ತಿತ್ತು. ನಾನು ಕಾಲು ಹಿಡಿಯಲು ಎದ್ದೆ. ಅಕ್ಕ ತೋಳು ಹಿಡಿದು ಕೂರಿಸಿದಳು. ನನ್ನ ಮುಖ ನೋಡಲಿಲ್ಲ.

ಮಾಧುರಿ ತಾಟು ತಂದಿಟ್ಟಳು. ಜೋಳದ ರೊಟ್ಟಿ, ತೊಗರಿಬೇಳೆ. ಎದುರಿಗೇ ಕೂತಳು. ಬೈಯುತ್ತಾಳೆ ಅಂತ ಕಾದೆ. ಬೈದರೆ ಬದುಕುತ್ತಿದ್ದೆ.

"ಅಪ್ಪ ಪೆದ್ದೆಮುಲ್ ಊರಿನ ಕಾಕಾನ್ನ ಕಳಸಾಕ ನಿಂತಿದ್ರು ಮಾಮಾ," ಅಂದಳು. "ನಾನೇ ಬ್ಯಾಡಂದೆ. ಮಾಮಾ ಬಿಟ್ಟಾರ, ಅವರನ್ನೇ ಕಳಸ್ರಿ ಅಂದೆ. ಇದೊಂದು ಕೆಲಸ ನೀವು ಮಾಡ್ಕೊಂಡು ಬಂದ್ರ ಮನ್ಯಾಗ ನಿಮ್ಮ ಮ್ಯಾಲ ಎಲ್ಲಾರಿಗೂ ಭರೋಸಾ ಬರತದಂತ."

ಮತ್ತೊಂದು ರೊಟ್ಟಿ ಎತ್ತಿ ಹಿಡಿದು ಕಾದಳು. ನಾನು ತಾಟು ಮುಂದಕ್ಕೆ ಸರಿಸಿದೆ. ಅವಳು ಹಾಕಿದಳು, ನಾನು ತಿಂದೆ.