ಹುಲ್ಲು ಸಾಹೇಬರ ಮಣ್ಣು

ಒಣ ಮಣ್ಣಿನ ಬುಟ್ಟಿ ಬೇರೆ, ಒದ್ದೆ ಮಣ್ಣಿನ ಬುಟ್ಟಿ ಬೇರೆ. ಒಣದ್ದು ತಲೆಯ ಮೇಲೆ ಕೂರುತ್ತದೆ. ಒದ್ದೆಯದ್ದು ಕತ್ತಿನೊಳಕ್ಕೇ ಇಳಿಯುತ್ತದೆ. ಬುಟ್ಟಿಯ ಸಂದಿಯಿಂದ ಕೆಸರು ನೀರು ಸೋರಿ ಕಿವಿಯ ಹಿಂದಿನಿಂದ ಬೆನ್ನಿಗೆ ಹರಿಯುತ್ತದೆ. ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಬುಟ್ಟಿಯ ಮೇಲೆ. ಮೂಗಿನ ಮೇಲೆ ನೊಣ ಕೂತರೆ ಅದು ತಾನಾಗಿ ಏಳುವವರೆಗೆ ಕಾಯಬೇಕು. ಸಿಂಬಿಯನ್ನು ಎಷ್ಟು ದಪ್ಪ ಸುತ್ತಿದರೂ ಸಂಜೆ ಹೊತ್ತಿಗೆ ನೆತ್ತಿ ಉರಿಯುತ್ತದೆ. ಆ ಮಳೆಗಾಲದ ಶುರುವಿನಲ್ಲಿ ನಮ್ಮ ಓಣಿಯ ಗಂಡಸರು, ಹೆಂಗಸರು ಎಲ್ಲ ಸೇರಿ ಹೀಗೆ ಒಂದು ಗುಡ್ಡದಷ್ಟು ಮಣ್ಣು ಹೊತ್ತೆವು. ಯಾತಕ್ಕೆ? ಉಣ್ಣುವ ಬೆಳೆಗಲ್ಲ. ಹುಲ್ಲಿಗೆ. ದನ ತಿನ್ನುವ ಹುಲ್ಲೂ ಅಲ್ಲ. ನೋಡುವ ಹುಲ್ಲು.

ಆ ಹುಲ್ಲು ಬೇಕಾಗಿದ್ದುದು ದಿಬ್ಬದ ಮೇಲಿನ ಬಂಗಲೆಯ ಸಾಹೇಬರಿಗೆ. ನೌಕರಿಯಲ್ಲಿದ್ದಾಗ ಅವರು ಏನು ಮಾಡುತ್ತಿದ್ದರೋ ನಮಗೆ ಸರಿಯಾಗಿ ಗೊತ್ತಿಲ್ಲ, ಸಹಿ ಮಾಡುತ್ತಿದ್ದರಂತೆ. ನಿವೃತ್ತರಾದ ಮೇಲೆ ಸಹಿ ಮಾಡಲು ಏನೂ ಸಿಗದೆ ಹುಲ್ಲಿನ ಹಿಂದೆ ಬಿದ್ದಿದ್ದರು. ಊರಿನ ತೋಟಗಾರಿಕೆ ಸಂಘದವರು ವರ್ಷಕ್ಕೊಮ್ಮೆ ಅತ್ಯುತ್ತಮ ಅಂಗಳಕ್ಕೆ ಬೆಳ್ಳಿ ಬಟ್ಟಲು ಕೊಡುತ್ತಾರೆ. ಅದು ಹೋದ ವರ್ಷ ಸಾಹೇಬರ ಕೈಕೆಳಗೆ ಕೆಲಸ ಮಾಡಿದ್ದ ಗುಮಾಸ್ತನಿಗೆ ಸಿಕ್ಕಿತ್ತು. ಅಂದಿನಿಂದ ಸಾಹೇಬರಿಗೆ ನಿದ್ದೆಯಿಲ್ಲ. ಅವರ ಅಂಗಳವೋ ಬರೀ ಮರಳು. ಎಂಥ ಮಳೆ ಸುರಿದರೂ ಜರಡಿಗೆ ಹೊಯ್ದ ಹಾಗೆ ಇಳಿದುಹೋಗುತ್ತಿತ್ತು, ಬಿಸಿಲು ಬಿದ್ದ ಅರ್ಧ ದಿನಕ್ಕೆ ಮತ್ತೆ ಒಣ ಒಣ. ಹಾಕಿದ ಗೊಬ್ಬರ ನೀರಿನ ಜೊತೆ ಪಾತಾಳಕ್ಕೆ. ನೆಟ್ಟ ಹುಲ್ಲು ವಾರದೊಳಗೆ ಹಳದಿ. ಓಣಿಯ ನಾವೆಲ್ಲ ಅವರಿಗೆ ಹುಲ್ಲು ಸಾಹೇಬರು ಎಂದು ಹೆಸರಿಟ್ಟಿದ್ದೆವು. ಎದುರಿಗಲ್ಲ, ಬೆನ್ನ ಹಿಂದೆ.

ಕೊನೆಗೆ ಅವರು ಎಲ್ಲಿಂದಲೋ ಲಾರಿಗಟ್ಟಲೆ ಹೊಲದ ಮೇಲ್ಮಣ್ಣು ತರಿಸಿದರು. ಕೆಂಪಗೆ, ಮೆತ್ತಗೆ, ಹಿಡಿದರೆ ಉಂಡೆಯಾಗುವ ಮಣ್ಣು. ತುಂಬಿದ ಲಾರಿ ದಿಬ್ಬ ಹತ್ತುತ್ತಿರಲಿಲ್ಲ. ಕೆಳಗೆ ಸುರಿದದ್ದನ್ನು ನಾವು ಮೇಲಕ್ಕೆ ಹೊರಬೇಕು. ಲಾರಿ ಡ್ರೈವರ್ ಹೊರಡುವಾಗ ಒಂದು ಮಾತು ಹೇಳಿದ.

"ಸಾಹೇಬ್ರೇ, ಇದನ್ನ ಮರಳಿನ ಜೊತೆ ಅಗೆದು ಕಲಸ್ಬೇಕು. ಬರೀ ಮೇಲೆ ಹರಡಿದ್ರೆ ದೊಡ್ಡ ಮಳೆಗೆ ನಿಲ್ಲಲ್ಲ."

ಸಾಹೇಬರ ಕೈಯಲ್ಲಿದ್ದ ತೋಟದ ಪುಸ್ತಕದಲ್ಲೂ ಅದೇ ಇತ್ತು, ಚಿತ್ರಸಮೇತ. ಸಾಹೇಬರು ಪುಸ್ತಕ ಮುಚ್ಚಿದರು.

"ಇಷ್ಟು ಒಳ್ಳೆ ಮಣ್ಣನ್ನ ಆ ದರಿದ್ರ ಮರಳಿಗೆ ಬೆರೆಸೋದಾ? ಬೆರಕೆ ಆದ್ಮೇಲೆ ಮಣ್ಣಿಗೆ ಏನು ಮರ್ಯಾದೆ ಉಳೀತು? ಮೇಲಿರಬೇಕಾದ್ದು ಮೇಲಿರ್ಲಿ, ಕೆಳಗಿರಬೇಕಾದ್ದು ಕೆಳಗಿರ್ಲಿ."

ಮಣ್ಣಿನ ವಿಷಯದಲ್ಲಿ ಈ ಮಾತನ್ನು ನಾವು ಮೊದಲ ಸಲ ಕೇಳಿದೆವು. ಬೇರೆ ವಿಷಯಗಳಲ್ಲಿ ಹುಟ್ಟಿದಾಗಿನಿಂದ ಕೇಳುತ್ತಲೇ ಇದ್ದೇವೆ.

"ಎಂಥ ಮಾತು ಹೇಳಿದ್ರಿ ಸಾರ್!" ಎಂದ ನಮ್ಮ ಮೇಸ್ತ್ರಿ. ಸಾಹೇಬರು ಸೀನಿದರೂ ಅವನು ಹೀಗೇ ಹೇಳುತ್ತಿದ್ದ.

ಸಾಹೇಬರಿಗೆ ಇನ್ನೊಂದು ಚಿಂತೆಯಿತ್ತು. ನಮ್ಮ ಕಾಲಿಗೆ ಅಂಟಿಕೊಂಡು ಅವರ ಮಣ್ಣು ಹೊರಗೆ ಹೋಗುತ್ತದಲ್ಲ! ಗೇಟಿನ ಹತ್ತಿರ ಒಂದು ಅಗಲವಾದ ತೊಟ್ಟಿ ಇಡಿಸಿದರು. ಸಂಜೆ ಮನೆಗೆ ಹೊರಡುವಾಗ ಎಲ್ಲರೂ ಅದರಲ್ಲಿ ಕಾಲು ತೊಳೆಯಬೇಕು, ಬುಟ್ಟಿ ತೊಳೆಯಬೇಕು. ತೊಟ್ಟಿಯ ನೀರನ್ನು ಜೋಪಾನವಾಗಿ ಅಂಗಳಕ್ಕೆ ಸುರಿಯಬೇಕು.

ಚಿಕ್ಕಮ್ಮ ಕಾಲುಜ್ಜುತ್ತ ನನ್ನ ಕಿವಿಯಲ್ಲಿ ಹೇಳಿದಳು, "ಸಾಹೇಬ್ರಿಗೆ ನಮ್ಮ ಮೇಲೆ ಎಷ್ಟು ಭಕ್ತಿ ನೋಡೇ. ನಮ್ಮ ಪಾದ ತೊಳೆದ ನೀರನ್ನ ಚೆಲ್ಲೋಕೂ ಬಿಡಲ್ಲ."

ಚಿಕ್ಕಮ್ಮ ನನಗೊಬ್ಬಳಿಗೇ ಅಲ್ಲ, ಇಡೀ ಓಣಿಗೆ ಚಿಕ್ಕಮ್ಮ. ತಲೆ ನರೆತಿದ್ದರೂ ನಾಲಿಗೆ ನರೆತಿರಲಿಲ್ಲ. ಮಗ ದೂರದಲ್ಲೆಲ್ಲೋ ಸೇತುವೆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಅವಳು ಮತ್ತು ತುಂಬು ಬಸುರಿ ಸೊಸೆ. ಮನೆ ಅಂದರೆ ಒಂದೇ ಕೋಣೆ. ಅದರ ಹಿಂದಿನ ಗೋಡೆ ಸಾಹೇಬರ ದಿಬ್ಬಕ್ಕೆ ಬೆನ್ನು ಕೊಟ್ಟು ನಿಂತಿತ್ತು. ದಿಬ್ಬದ ಮೇಲೆ ಸಾಹೇಬರ ಕಾಂಪೌಂಡ್. ಅದರ ಬುಡದಲ್ಲಿ ನಮ್ಮ ಓಣಿಯ ಕಡೆಗೆ ಸಾಲಾಗಿ ಕಿಂಡಿಗಳು. ಮಳೆನೀರು ಅವರ ಅಂಗಳದಲ್ಲಿ ನಿಲ್ಲಬಾರದು, ನಮ್ಮ ಓಣಿಯಲ್ಲಿ ನಿಲ್ಲಬಹುದು, ಅದಕ್ಕೆ.

ಮಣ್ಣು ಹರಡಿ, ಹುಲ್ಲಿನ ಕಡ್ಡಿ ಊರಿ, ಕೆಲಸ ಮುಗಿಯಿತು. ಸ್ಪರ್ಧೆಯ ವಾರ ಬಂತು. ಸೋಮವಾರ ನಾವೆಲ್ಲ ಬೇರೆ ಕಡೆ ಇಟ್ಟಿಗೆ ಇಳಿಸಲು ಹೋಗಿದ್ದೆವು. ಮಧ್ಯಾಹ್ನ ಮಳೆ ಹಿಡಿಯಿತು. ಮಳೆಯೆಂದರೆ ಎದುರಿಗಿದ್ದವರ ಮುಖ ಕಾಣದಂಥ ಮಳೆ. ಸಂಜೆ ಹಿಂತಿರುಗಿದರೆ ಓಣಿಯೇ ಇರಲಿಲ್ಲ, ಒಂದು ಕೆಂಪು ಹೊಳೆ ಇತ್ತು. ನನ್ನ ಹೊಸ್ತಿಲ ಮೇಲೆ ಮೊಣಕಾಲುದ್ದ ಮಣ್ಣು. ಮೇಸ್ತ್ರಿಯ ಬಚ್ಚಲಲ್ಲಿ ಮಣ್ಣು. ಚಿಕ್ಕಮ್ಮನ ಮನೆಯ ಹಿಂದಿನ ಗೋಡೆಯಿದ್ದ ಕಡೆ ಬೆಳಕು ಕಾಣುತ್ತಿತ್ತು. ಗೋಡೆ ಮಂಚದ ಮೇಲೆ ಮಲಗಿತ್ತು. ಅದರ ಮೇಲೆ ಸಾಹೇಬರ ಮಣ್ಣು ಹಾಸಿಗೆ ಹಾಸಿತ್ತು. ಸೊಸೆ ಆ ಹೊತ್ತಿಗೆ ಪಕ್ಕದ ಮನೆಯಲ್ಲಿ ಬೆಂಕಿಪೊಟ್ಟಣ ಕೇಳುತ್ತ ನಿಂತಿದ್ದಳು. ಹಾಗಾಗಿ ಉಳಿದಳು.

ಚಿಕ್ಕಮ್ಮ ಅಳಲಿಲ್ಲ. ಪಾತ್ರೆಗಳನ್ನು ಒಂದೊಂದಾಗಿ ಮಣ್ಣಿನಿಂದ ಎಳೆದು ತೆಗೆದಳು. "ಇವಳನ್ನ ಎಲ್ಲಿ ಮಲಗಿಸ್ಲೇ? ಮಗು ಬರೋದ್ರೊಳಗೆ ಒಂದು ಗೋಡೆ ಬೇಕಲ್ಲೇ," ಎಂದಳು. ಸೊಸೆಯನ್ನು ನನ್ನ ಮನೆಗೆ ಕರೆತಂದೆ. ನನ್ನದೂ ಒಂದೇ ಕೋಣೆ. ನಾವು ಐದು ಜನ.

ಮಾರನೆಯ ಬೆಳಿಗ್ಗೆ ಸಾಹೇಬರು ಎದ್ದು ನೋಡಿದರೆ ಅಂಗಳ ಮತ್ತೆ ಬೆಳ್ಳಗೆ, ಬರೀ ಮರಳು. ಹುಲ್ಲು ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಹೊಸ ಮಣ್ಣು ತರಿಸೋಣವೆಂದರೆ ಆ ಹೊಲ ನೀರಲ್ಲಿ ಮುಳುಗಿತ್ತು, ಲಾರಿ ಬರುವಂತಿಲ್ಲ. ಸ್ಪರ್ಧೆ ಭಾನುವಾರ. ಇದ್ದದ್ದು ಒಂದೇ ದಾರಿ, ಹೋದ ಮಣ್ಣು ವಾಪಸ್ಸು ಬರಬೇಕು. ಆದರೆ ಅದೇ ಮಣ್ಣಿಗೆ ಎರಡನೇ ಸಲ ಕೂಲಿ ಕೊಡಲು ಸಾಹೇಬರಿಗೇನು ಹುಚ್ಚೇ? ಅವರು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಓಣಿಯವರು ಮಣ್ಣು ಕದ್ದಿದ್ದಾರೆ ಎಂದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಅಲ್ಲಿಯೂ ಇದ್ದರು.

ಹವಾಲ್ದಾರ ಬಂದ. ಹಿಂದೆ ಕೊಡೆ ಹಿಡಿದು ಸಾಹೇಬರು. ಅವರ ಹಿಂದೆ, ಕೊಡೆಯಿಲ್ಲದೆ, ಮೇಸ್ತ್ರಿ.

"ಯಾರ ಮನೆ ಇದು?" ಎಂದ ಹವಾಲ್ದಾರ.

"ನಂದು. ನಿನ್ನೆ ಮಧ್ಯಾಹ್ನದ ತನಕ ಮನೆ ಆಗಿತ್ತು," ಎಂದಳು ಚಿಕ್ಕಮ್ಮ.

"ಕದ್ದ ಮಾಲು ಜಾಸ್ತಿ ನಿಮ್ಮ ಮನೇಲೇ ಇದೆ ಕಣಮ್ಮ."

"ಹೌದಪ್ಪ. ಬಚ್ಚಿಡೋಕೆ ಜಾಗ ಸಾಲ್ದೆ ಗೋಡೆ ಒಡೆದೆ ನೋಡು."

ಹವಾಲ್ದಾರನಿಗೆ ನಗು ಬಂತು, ಕೆಮ್ಮಿ ನುಂಗಿಕೊಂಡ. ಸಾಹೇಬರು ಕೊಡೆಯೊಳಗಿಂದ ತೀರ್ಪು ಹೇಳಿದರು.

"ನನಗೆ ಯಾರ ಮೇಲೂ ದ್ವೇಷ ಇಲ್ಲ. ಶನಿವಾರದೊಳಗೆ ಮಣ್ಣೆಲ್ಲ ಹೊತ್ತು ವಾಪಸ್ ಹಾಕಿಬಿಡಿ, ದೂರು ವಾಪಸ್ ತಗೋತೀನಿ. ಇಲ್ಲಾಂದ್ರೆ ಈ ಹೆಂಗಸನ್ನ ಠಾಣೆಗೆ ಕರ್ಕೊಂಡು ಹೋಗಲಿ."

ಸೊಸೆ ನನ್ನ ಬಾಗಿಲಲ್ಲಿ ನಿಂತು ಜೋರಾಗಿ ಅತ್ತಳು. ಮೇಸ್ತ್ರಿ ಬುಟ್ಟಿಗಳನ್ನು ಹೊರಗೆ ಹಾಕಿದ. ಒಬ್ಬರಾದ ಮೇಲೆ ಒಬ್ಬರು ಸಿಂಬಿ ಸುತ್ತತೊಡಗಿದರು. ನಾನೂ ಸುತ್ತಿದೆ. ಹೆದರಿಕೆ ಅಂದರೆ ಹಾಗೆ, ಮೈ ತಾನಾಗಿ ಬಗ್ಗುತ್ತದೆ.

"ತಾಳ್ರೇ," ಎಂದಳು ಚಿಕ್ಕಮ್ಮ. "ಸಾಹೇಬ್ರೇ, ಹೊರ್ತೀವಿ. ಆದ್ರೆ ಇದು ನಿಮ್ಮ ಮಣ್ಣೇ ಅಂತ ಖಾತ್ರಿನಾ? ಬೇರೆ ಯಾರದ್ದೋ ಹೊತ್ತು ಹಾಕಿ, ಅವರೂ ನಾಳೆ ಪೊಲೀಸ್ ಕರ್ಕೊಂಡು ಬಂದ್ರೆ?"

ಸಾಹೇಬರಿಗೆ ಅವಮಾನವಾಯಿತು. "ಈ ಬಣ್ಣ ನೋಡು! ಇಡೀ ಊರಲ್ಲಿ ಯಾರ ಹತ್ರ ಇದೆ ಇಂಥ ಮಣ್ಣು? ಕಣ್ಣು ಕಟ್ಟಿಬಿಟ್ರೂ ಗುರುತು ಹಿಡೀತೀನಿ. ಒಂದೊಂದು ಕಣಾನೂ ನಂದು."

"ಈ ಪಾತ್ರೆಯೊಳಗಿರೋದು?"

"ನಂದು."

"ಮಂಚದ ಮೇಲಿರೋದು?"

"ಅದೂ ನಂದು."

"ಗೋಡೆ ಬೀಳಿಸ್ಕೊಂಡು ಒಳಗೆ ನುಗ್ಗಿರೋದು?"

"ಅದಂತೂ ಖಂಡಿತ ನಂದೇ!"

"ಬರ್ಕೊಳಪ್ಪ ಹವಾಲ್ದಾರ," ಎಂದಳು ಚಿಕ್ಕಮ್ಮ. "ಸಾಹೇಬ್ರ ಮಣ್ಣು ಬಂದು ನನ್ನ ಗೋಡೆ ಬೀಳಿಸ್ತು, ಅವರೇ ಹೇಳಿದಾರೆ. ಎಮ್ಮೆ ಪಕ್ಕದವರ ಹೊಲ ಮೇಯ್ದ್ರೆ ದಂಡ ಯಾರು ಕಟ್ತಾರೆ? ಎಮ್ಮೆ ಯಜಮಾನ ತಾನೇ? ಗೋಡೆ ಕಟ್ಟಿಸಿಕೊಡಿ ಸಾಹೇಬ್ರೇ, ನಿಮ್ಮ ಎಮ್ಮೆ ಹೊಡ್ಕೊಂಡು ಹೋಗಿ."

ಹವಾಲ್ದಾರನ ಪೆನ್ನು ನಿಂತಿತು. ಸಾಹೇಬರು ಬಗ್ಗಿ ಮಣ್ಣನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಚಿಟಿಕೆಯಷ್ಟು ಬೆರಳಲ್ಲಿ ಉಜ್ಜಿದರು.

"ಹಾಗೆ ನೋಡಿದ್ರೆ... ನಮ್ಮ ಮಣ್ಣು ಇಷ್ಟು ಕೆಂಪಿರಲಿಲ್ಲ," ಎಂದರು.

"ಇರಲೇ ಇಲ್ಲ ಸಾರ್!" ಎಂದ ಮೇಸ್ತ್ರಿ.

"ಹಾಗಾದ್ರೆ ಕಳ್ಳತನ?" ಎಂದು ಹವಾಲ್ದಾರ ಕೇಳಿದ.

"ಆಗಿಲ್ಲ. ಇದು ನನ್ನ ಮಣ್ಣಲ್ಲ."

"ಹಾಗಂತ ಬರೆದುಕೊಡಿ ಸಾರ್. ನಾನು ಠಾಣೇಲಿ ಏನಾದ್ರೂ ತೋರಿಸ್ಬೇಕಲ್ಲ."

ಸಾಹೇಬರು ಕೊಡೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟು ಸಹಿ ಮಾಡಿದರು. ಬಲು ಚೆಂದದ ಸಹಿ.

ಅವರು ದಿಬ್ಬ ಹತ್ತಿದ ಮೇಲೆ ಓಣಿಯೆಲ್ಲ ನಕ್ಕಿತು. ಚಿಕ್ಕಮ್ಮ ನಗಲಿಲ್ಲ. ಗೋಡೆಯಿದ್ದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಿದ್ದಳು. ಗಾಳಿಗೆ ಅದು ಪಟಪಟ ಬಡಿದುಕೊಳ್ಳುತ್ತಿತ್ತು.

"ನಕ್ಕಿದ್ದು ಸಾಕು. ಕಳ್ಳತನ ಹೋಯ್ತು, ಜೊತೆಗೆ ಗೋಡೆನೂ ಹೋಯ್ತು. ಈಗ ನನ್ನ ಗೋಡೆ ಬೀಳಿಸಿದ್ದು ಯಾರ ಮಣ್ಣು? ಯಾರದ್ದೂ ಅಲ್ಲ. ಒಂದು ಸಹಿ ಹಾಕಿ ಹೇಗೆ ಜಾರಿಕೊಂಡ ನೋಡು."

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಮ್ಮ ಮೇಲೆ ಬೀಳುವಾಗ ಎಲ್ಲವೂ ಹೀಗೇ ಯಾರದ್ದೂ ಆಗಿರುವುದಿಲ್ಲ. ನಾವು ಕೈಚಾಚಿದರೆ ಮಾತ್ರ ಪ್ರತಿ ಕಣಕ್ಕೂ ಒಬ್ಬ ಯಜಮಾನ ಎದ್ದು ಬರುತ್ತಾನೆ.

ಹೇಗಿದ್ದರೂ ಮನೆಗಳಿಂದ ಮಣ್ಣು ತೆಗೆಯಲೇಬೇಕಿತ್ತು. ವಾರವಿಡೀ ಕೆಲಸ ಮುಗಿಸಿ ಬಂದು ಓಣಿಯ ಬಾಯಿಗೆ ತಂದು ಗುಡ್ಡೆ ಹಾಕಿದೆವು. ಇನ್ನು ಎಲ್ಲಿಗೆ ಸಾಗಿಸುವುದು ಎಂದು ಮಾತು ಬಂದಾಗ ಚಿಕ್ಕಮ್ಮ ಹೇಳಿದಳು, "ಯಾರದ್ದೂ ಅಲ್ಲದ ಮಣ್ಣನ್ನ ಯಾರದ್ದೂ ಅಲ್ಲದ ಜಾಗದಲ್ಲಿ ಹಾಕೋಣ. ಸಾಹೇಬ್ರ ಗೇಟಿನ ಮುಂದಿನ ರಸ್ತೆ ಸರ್ಕಾರದ್ದು ತಾನೇ?"

ಭಾನುವಾರ ಬೆಳಕು ಹರಿಯುತ್ತಲೇ ಶುರುವಾದೆವು. ಇಡೀ ಓಣಿ ಸಾಲುಗಟ್ಟಿತು. ಕೂಲಿಯಿಲ್ಲ, ಲೆಕ್ಕವಿಲ್ಲ, ಬೈಯುವವರಿಲ್ಲ. ಕೂಲಿಯಿಲ್ಲದೆ ಹೊತ್ತ ಮಣ್ಣು ಅಷ್ಟು ಹಗುರವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೇಸ್ತ್ರಿ ಸ್ವಲ್ಪ ಹೊತ್ತು ದೂರ ನಿಂತು ನೋಡಿದ. ಅವನ ಹೆಂಡತಿ ಸಾಲಿನಿಂದಲೇ ಕೂಗಿದಳು, "ಬಚ್ಚಲು ತೊಳೆದು ತೊಳೆದು ನನ್ನ ಸೊಂಟ ಬಿತ್ತು. ಬುಟ್ಟಿ ತಗೊಳ್ರೀ!" ಅವನು ತಗೊಂಡ.

ರಸ್ತೆಯಲ್ಲಿ ಜನ, ಗಾಡಿ ಓಡಾಡುವಷ್ಟು ಬಿಟ್ಟು ಗೇಟಿಗೆ ಒತ್ತಿ ರಾಶಿ ಹಾಕಿದೆವು. ಗೇಟು ಹೊರಗಡೆಗೆ ತೆರೆಯುವಂಥದ್ದು. ತೆರೆಯಲಿಲ್ಲ. ಸಾಹೇಬರು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಓಡಿ ಬಂದು ಸರಳು ಹಿಡಿದು ಕೂಗಾಡಿದರು. ಫೋನ್ ಮಾಡಿ ಹವಾಲ್ದಾರನನ್ನು ಕರೆಸಿದರು. ಅವನು ರಾಶಿಯನ್ನು ಒಂದು ಸುತ್ತು ಹಾಕಿದ.

"ಏನಂತ ಬರ್ಕೊಳ್ಳಲಿ ಸಾರ್? ನಿಮ್ಮದಾದ್ರೆ ನಿಮ್ಮ ಬಾಗಿಲಿಗೇ ಬಂದಿದೆ, ಒಳಗೆ ಹಾಕ್ಕೊಳ್ಳಿ. ನಿಮ್ಮದಲ್ದಿದ್ರೆ ರಸ್ತೆ ಮೇಲಿರೋ ಮಣ್ಣಿನ ವಿಚಾರ ನಿಮಗ್ಯಾಕೆ? ನಿಮ್ಮ ಸಹಿ ಬೇರೆ ಇದೆ ನನ್ನ ಹತ್ರ."

ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಷ್ಟರಲ್ಲಿ ತೋಟಗಾರಿಕೆ ಸಂಘದ ಕಾರು ಬಂತು. ಅಧ್ಯಕ್ಷೆ ಇಳಿದರು. ಗೇಟಿನೊಳಗೆ ಬೋಳು ಮರಳು, ಗೇಟಿನ ಹೊರಗೆ ಮಣ್ಣಿನ ರಾಶಿ, ರಾಶಿಯ ಮೇಲೆ ಕಾಲು ಚಾಚಿ ಕೂತ ಚಿಕ್ಕಮ್ಮ, ಸುತ್ತ ಬುಟ್ಟಿ ಹಿಡಿದ ನಾವು. ಆಯಮ್ಮನಿಗೆ ಏನೂ ಅರ್ಥವಾಗಲಿಲ್ಲ. ಬಗ್ಗಿ ಒಂದು ಹಿಡಿ ಎತ್ತಿ, ಮೂಸಿ, ಕಣ್ಣರಳಿಸಿದರು.

"ಅಬ್ಬಾ, ಎಂಥ ಮಣ್ಣು! ಯಾರದಿದು?"

ನಾವು ಎಲ್ಲರೂ ಗೇಟಿನ ಕಡೆ ತಿರುಗಿದೆವು. ಸಾಹೇಬರು ಅಧ್ಯಕ್ಷೆಯನ್ನು ನೋಡಿದರು, ಹವಾಲ್ದಾರನನ್ನು ನೋಡಿದರು, ಕೊನೆಗೆ ಮೊದಲ ಸಲ ನಮ್ಮನ್ನು ನೋಡಿದರು. ಕುತ್ತಿಗೆಯ ಗುಂಡಿ ಬಿಚ್ಚಿಕೊಂಡರು. ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಹೇಳಿದರು.

"ನಂದು."

ಚಿಕ್ಕಮ್ಮ ಕಿವಿಗೆ ಕೈ ಹಿಡಿದಳು.

"ಗೋಡೆಗೂ ಕಿವಿ ಇರುತ್ತೆ ಅಂತಾರೆ ಸಾಹೇಬ್ರೇ. ನನ್ನ ಗೋಡೆ ಬಿದ್ದುಹೋಗಿದೆ, ಹಾಗಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಹೇಳಿ."