ನೇರಳೆ ಬಿಡಿಸಿದ ಎಂಟು ತುಂಡುಗಳು

ಭಾನುವಾರ ಹನ್ನೊಂದಕ್ಕೆ ಗಡಿಯಾರ ರಿಪೇರಿಯವರು ಬಂದು ಕಾರು ತೆಗೆದುಕೊಂಡು ಹೋಗುವುದೆಂದು ಮಾತಾಗಿತ್ತು. ಕಾರು ಎಂದರೆ ಮೊಳದುದ್ದದ್ದು, ರಿಮೋಟಿನಲ್ಲಿ ಓಡುವಂಥದ್ದು. ನನ್ನ ಗಂಡನದು. ಅವರು ತೀರಿಹೋಗಿ ಏಳು ತಿಂಗಳಾಗಿತ್ತು. “ಸುಮ್ಮನೆ ಬಿದ್ದಿರುತ್ತೆ, ನೀವೇ ಓಡಿಸಿ” ಎಂದು ಗಡಿಯಾರ ರಿಪೇರಿ ಮಾಡುವ ಅವರ ಈ ಗೆಳೆಯನಿಗೆ ಫೋನಿನಲ್ಲಿ ಹೇಳಿದವಳು ನಾನೇ. ಹೇಳುವಾಗ ಏನೂ ಅನ್ನಿಸಲಿಲ್ಲ. ಆಗೆಲ್ಲ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ.

“ಕೊಡು ಕೊಡು. ಧೂಳು ಒರೆಸೋದು ತಪ್ಪುತ್ತೆ,” ಎಂದರು ಅತ್ತೆ, ಎಡಗಿವಿಯ ಓಲೆ ತಿರುಗಿಸುತ್ತಾ. ಸುಳ್ಳು ಹೇಳುವಾಗ ಅವರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ ಎಂದು ಅವರ ಮಗನೇ ಯಾವತ್ತೋ ನನಗೆ ಹೇಳಿಕೊಟ್ಟಿದ್ದರು.

ಕೊಡುವ ಮುನ್ನ ಒಂದು ಕೆಲಸ ಬಾಕಿಯಿತ್ತು. ಕಾರಿನ ಎಂಟು ಅಲ್ಯೂಮಿನಿಯಂ ತುಂಡುಗಳಿಗೆ ಕಾರ್ಖಾನೆಯಲ್ಲೇ ನೇರಳೆ ಬಣ್ಣ ಹಿಡಿಸಿದ್ದರು. ಬಿಸಿಲಿಗೆ ಅದು ಒಣಗಿದ ಬದನೆ ಸಿಪ್ಪೆಯ ಹಾಗಾಗಿತ್ತು. “ಇದು ಮೇಲೆ ಬಳಿದ ಬಣ್ಣ ಅಲ್ಲ ಕಣೇ, ಲೋಹದ್ದೇ ಚರ್ಮ. ಕರಗಿಸಿಯೇ ತೆಗೀಬೇಕು,” ಎನ್ನುತ್ತಾ ನನ್ನ ಗಂಡ ಎರಡನ್ನು ಬಿಡಿಸಿ, ಫಳಫಳ ಹೊಳೆಸಿ ಇಟ್ಟಿದ್ದರು. ಆರು ಉಳಿದಿದ್ದವು. ಕಾಸ್ಟಿಕ್ ಸೋಡಾದ ಡಬ್ಬಿಯ ಮೇಲೆ ಅವರದೇ ಅಕ್ಷರ: ನೀರಿಗೆ ಪುಡಿ, ಪುಡಿಗೆ ನೀರಲ್ಲ.

ಶನಿವಾರ ಬಾಲ್ಕನಿಯಲ್ಲಿ ಕೂತೆ. ಕೈಗವಸು, ಕಣ್ಣಿಗೆ ದೊಡ್ಡ ಕನ್ನಡಕ, ಮುಂದೆ ಪ್ಲಾಸ್ಟಿಕ್ ಟಬ್ಬು. ಅತ್ತೆ ಬಾಗಿಲಲ್ಲಿ ನಿಂತು ಉಸ್ತುವಾರಿ ವಹಿಸಿಕೊಂಡರು. ಮೂವತ್ತು ವರ್ಷ ಶಾಲೆಯ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡವರು ಅವರು.

“ಪ್ಲಾಸ್ಟಿಕ್ ತಾನೇ? ಅಲ್ಯೂಮಿನಿಯಂ ಪಾತ್ರೆ ತಗೊಂಡ್ಯೋ, ಪಾತ್ರೆನೂ ಇರಲ್ಲ. ಬಟ್ಟೆ ಒಗೆಯೋ ಸೋಡಾ ಕೂಡ ಅಲ್ಯೂಮಿನಿಯಂಗೆ ಆಗಲ್ಲ, ಕಪ್ಪಾಗಿಬಿಡುತ್ತೆ.”

“ಗೊತ್ತು ಅತ್ತೆ.”

“ಗೊತ್ತಿದ್ದೋರೇ ನನ್ನ ಲ್ಯಾಬಲ್ಲಿ ಕೈ ಸುಟ್ಕೊಂಡಿದ್ದು.”

ತುಂಡು ಮುಳುಗಿದ್ದೇ ಬುರುಬುರು ಗುಳ್ಳೆ. ಮೂರು ನಿಮಿಷದಲ್ಲಿ ನೇರಳೆ ಬಿಟ್ಟುಕೊಂಡಿತು. ಎತ್ತಿ ನೀರಿನಲ್ಲಿ ಜಾಲಿಸಿ, ಮೇಲೆ ಕೂತ ಮಸಿ ಒರೆಸಿ, ನಯವಾದ ಎಮರಿ ಕಾಗದ, ಆಮೇಲೆ ಪಾಲಿಷ್, ಹಳೇ ಬನಿಯನ್ನಿನ ಚೂರು. ಸಂಜೆಯ ಹೊತ್ತಿಗೆ ಎಂಟೂ ತುಂಡು ಪೇಪರಿನ ಮೇಲೆ ಸಾಲಾಗಿ ಕೂತವು. ಅತ್ತೆ ಒಂದರಲ್ಲಿ ಮುಖ ನೋಡಿಕೊಂಡರು.

“ಮೂಗು ಇಷ್ಟು ದಪ್ಪ ಕಾಣ್ಸುತ್ತಲ್ಲೇ.”

“ಅದು ತುಂಡಿನ ತಪ್ಪಲ್ಲ ಅತ್ತೆ.”

ಅವರು ನಕ್ಕರು. ನಾನೂ ನಕ್ಕೆ. ನನ್ನ ನಗು ನನಗೇ ಪಕ್ಕದ ಮನೆಯಲ್ಲಿ ಯಾರೋ ನಕ್ಕಂತೆ ಕೇಳಿಸಿತು.

ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದರೆ ಒಲೆಯ ಮೇಲೆ ಸ್ಟೀಲ್ ಪಾತ್ರೆ, ಅದರಲ್ಲಿ ಹಬೆಯಾಡುವ ನೀರು, ಪಕ್ಕದಲ್ಲಿ ಬಟ್ಟೆ ಸೋಡಾದ ಪೊಟ್ಟಣ. ಅತ್ತೆ ಇಕ್ಕಳದಿಂದ ತುಂಡುಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದರು. ಎಂಟೂ ಬೂದುಗಪ್ಪು.

“ಜಿಡ್ಡಿತ್ತು. ತೊಳೆದೆ.”

“ಸೋಡಾದಲ್ಲಾ?”

“ಗೊತ್ತಾಗ್ಲಿಲ್ಲ ಕಣೇ. ಮರೆವು.” ಇಕ್ಕಳ ಬಲಗೈಲಿತ್ತು. ಎಡಗೈ ಓಲೆ ಹಿಡಿದಿತ್ತು.

ತುಂಡುಗಳನ್ನು ಮತ್ತೆ ಪೇಪರಿನ ಮೇಲೆ ಸಾಲಾಗಿಟ್ಟೆ. ಹನ್ನೊಂದಕ್ಕೆ ಬೆಲ್ಲಾಯಿತು.

ಗಡಿಯಾರ ರಿಪೇರಿಯವರು ದೊಡ್ಡ ಚೀಲ ತಂದಿದ್ದರು. ಒಂದು ತುಂಡನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿದರು. “ಇದೇನು ಅತ್ತಿಗೆ, ಕುಲುಮೆಯಿಂದ ಎತ್ಕೊಂಡು ಬಂದ ಹಾಗಿದೆ?”

“ನನ್ನದೇ ಘನಂದಾರಿ ಕೆಲಸ,” ಎಂದರು ಅತ್ತೆ. “ಇನ್ನೊಂದು ವಾರ ಬಿಟ್ಟು ಬಾರಪ್ಪ.”

“ಅಯ್ಯೋ, ಹಾಗೇ ಕೊಡಿ ಅಮ್ಮ. ನಾನೇ ಪಾಲಿಷ್ ಮಾಡ್ತೀನಿ. ಮೇಲೊಂದು ವಾರ್ನಿಷ್ ಎಳೆದ್ರೆ ಮತ್ತೆ ಮುಟ್ಟೋದೇ ಬೇಡ.”

ಅತ್ತೆ ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು. ತೊಳೆಯಲು ಅಲ್ಲಿ ಏನೂ ಇರಲಿಲ್ಲ.

“ವಾರ್ನಿಷ್ ಬೇಡ,” ಎಂದೆ.

“ಹಾಗಾದ್ರೆ ಮೇಣ. ಬೆರಳು ತಾಕಿದ್ರೂ ಕಲೆ ಬೀಳುತ್ತೆ, ಎರಡು ವಾರಕ್ಕೊಮ್ಮೆ ಕೂತು ಒರೆಸ್ಬೇಕು. ಅಷ್ಟು ತಲೆನೋವು ಯಾರಿಗೆ ಬೇಕು?”

“ನಮಗೆ.”

ಅವರು ನನ್ನ ಮುಖ ನೋಡಿದರು.

“ಕೊಡ್ತೀನಿ ಅಂದಿದ್ದೆ, ಮಾತು ತಪ್ತಿದೀನಿ,” ಎಂದೆ. “ರಿಮೋಟ್ ನಿಮ್ಮ ಹತ್ರ ಇರಲಿ. ಕಾರು ಇಲ್ಲಿರುತ್ತೆ.”

“ಒಳ್ಳೇ ಪಾಲು. ಎರಡೂ ಒಂದ್ಕಡೆ ಇದ್ರೆ ತಾನೇ ಓಡೋದು?”

“ಅದಕ್ಕೇ. ನೀವು ಬರ್ತಾ ಇರಿ.”

ಅವರು ರಿಮೋಟನ್ನು ಚೀಲಕ್ಕೆ ಹಾಕಿಕೊಂಡರು. ಅಷ್ಟು ದೊಡ್ಡ ಚೀಲದಲ್ಲಿ ಅದು ಕಡಕಡ ಉರುಳಾಡುತ್ತಾ ಮೆಟ್ಟಿಲಿಳಿದು ಹೋಯಿತು.

ನಲ್ಲಿ ನಿಂತಿತು. ಅತ್ತೆ ಒದ್ದೆಯೇ ಆಗದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಪೇಪರಿನ ಮೇಲೆ ಎಂಟು ತುಂಡು, ಪಕ್ಕದಲ್ಲಿ ಕಾರು ಇರುವುದನ್ನು ನೋಡಿ ನೆಲಕ್ಕೆ ಕೂತರು. ಬನಿಯನ್ನಿನ ಚೂರನ್ನು ಎರಡಾಗಿ ಹರಿದೆ.

“ಆ ಸೋಡಾ ಪೊಟ್ಟಣ ಮೇಲಿನ ಕಪಾಟಿಗೆ ಇಡ್ತೀನಿ ಅತ್ತೆ. ಬೀಗ ಹಾಕಿ.”

“ಇಡು. ಇನ್ನು ಯಾರಿಗೆ ಬೇಕು ಅದು,” ಎಂದರು. ಅವರ ಎರಡೂ ಕೈ ತುಂಡಿನ ಮೇಲಿದ್ದವು.