ನೆತ್ತಿಗಂಬಳಿ ಸರಿಸದ ಬೆಳಗು

ಸೊಸೆಯಾಗಿ ಬಂದ ಮೇಲೆ ಸಾರೂಲ್ ಉಪ್ಪಿನ ಹಾಲುಚಹಕ್ಕೆ ಎರಡೆರಡು ಸಲ ಉಪ್ಪು ಹಾಕಿದ್ದು ಇದು ಐದನೆಯ ಬಾರಿ. ಅತ್ತೆ ಖಂಡ್ಸುರೇನ್ ಒಂದು ಗುಟುಕು ಕುಡಿದು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

"ನಿಮ್ಮಮ್ಮ ನಿನ್ನನ್ನ ತಲೆ ಸಮೇತ ಕಳಿಸಿದ್ಲಾ, ಬರೀ ಟೋಪಿ ಕೊಟ್ಟು ಕಳಿಸಿದ್ಲಾ?"

ಉತ್ತರದ ಸರೋವರದ ಸೀಮೆಯಲ್ಲಿ ಮುನ್ನೂರು ಕುರಿಗಳನ್ನು ಮುಖ ನೋಡಿಯೇ ಗುರುತಿಸುತ್ತಿದ್ದವಳು ಸಾರೂಲ್. ಉಲಾನ್‌ಬಾತರಿನ ಈ ಗುಡ್ಡದ ಮೇಲಿನ ದುಂಡು ಕಂಬಳಿ ಡೇರೆಯಾದ ಗೆರ್‌ಗೆ ಬಂದ ಮೂರೇ ತಿಂಗಳಲ್ಲಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ಸೌಟು ಹುಡುಕುವಂತಾಗಿದ್ದಳು. ಎಂಟು ಗಂಟೆ ಮಲಗಿದರೂ ಒಂದು ಗಂಟೆ ಮಲಗಿದವಳ ಹಾಗೆ ಏಳುತ್ತಿದ್ದಳು. ಇಪ್ಪತ್ತೊಂದರ ಹುಡುಗಿ. ಗಂಡ ಗೋಬಿ ಮರುಭೂಮಿಯ ಗಣಿಯಲ್ಲಿದ್ದ, ತಿಂಗಳಿಗೊಮ್ಮೆ ಬರುವವನು. ಅವನಿಗೆ ಹೇಳಿ ಏನು ಪ್ರಯೋಜನ.

ಟ್ರಾಲಿಬಸ್ ಓಡಿಸುವ ತರಬೇತಿಯಲ್ಲಿ ಅವಳದು ಒಳ್ಳೆಯ ಹೆಸರು. ಆದರೆ ಡಿಪೋದ ಡಾಕ್ಟರ್ ಓಯುನ್ ಮುಂದೆ ಕೂತು, ಕೆಂಪು ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಹಿಂದಿನ ವಾರ ಸೋತಿದ್ದಳು. ದೀಪ ಕಾಣುತ್ತಿತ್ತು, ಬೆರಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಗುರುವಾರ ಇನ್ನೊಂದು ಅವಕಾಶ, ಅದೇ ಕೊನೆಯದು. ಅದೂ ಹೋದರೆ ತರಬೇತಿಯೂ ಹೋಯಿತು. ಬೆಳಗಿನಿಂದ ಸಂಜೆವರೆಗೆ ಅತ್ತೆಯ ಬಾಯಿಗೆ ಅವಳೇ ತುತ್ತು.

ಅವತ್ತು ಡಾಕ್ಟರ್ ಅವಳನ್ನು, ಎಲ್ಲಿ ಮಲಗುತ್ತೀ, ಎಷ್ಟಕ್ಕೆ ಏಳುತ್ತೀ ಎಂದೆಲ್ಲ ವಿಚಾರಿಸಿದ್ದಳು. ಸಾರೂಲ್ ಇದ್ದದ್ದು ಹೇಳಿದಳು. ಆರಕ್ಕೆ ಸೊಸೆ ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಹೋಗಿ ಹಗ್ಗ ಎಳೆದು ಗೆರ್‌ನ ಸೂರಿನ ಕಿಂಡಿಗೆ ರಾತ್ರಿ ಹೊದಿಸಿದ ನೆತ್ತಿಗಂಬಳಿ ಸರಿಸಬೇಕು, ಆಮೇಲೆ ಒಲೆ ಹೊತ್ತಿಸಬೇಕು. ನೆತ್ತಿಯ ಕಿಂಡಿಗೆ ಗಾಜು ಹಾಕಿಸಲು ಅತ್ತೆ ಒಪ್ಪುವುದಿಲ್ಲ, ಆಕಾಶಕ್ಕೂ ಮನೆಗೂ ನಡುವೆ ಗಾಜು ಯಾಕೆ ಎನ್ನುತ್ತಾಳೆ. ಹುಲ್ಲುಗಾವಲಿನಲ್ಲಿ ಆ ಕಿಂಡಿಯಿಂದ ಇಳಿಯುತ್ತಿದ್ದದ್ದು ತಂಪು ಗಾಳಿ. ಇಲ್ಲಿ ಇಳಿಯುವುದು ಇಡೀ ಗುಡ್ಡ ಅದೇ ಹೊತ್ತಿಗೆ ಹೊತ್ತಿಸಿದ ಕಲ್ಲಿದ್ದಲಿನ ಹೊಗೆ.

"ನೋಡಮ್ಮ, ನೀನು ಮಲಗ್ತಿದೀಯ, ನಿನ್ನ ಮಿದುಳು ಮಲಗ್ತಿಲ್ಲ," ಎಂದಿದ್ದಳು ಡಾಕ್ಟರ್. "ಗುಡ್ಡದಿಂದ ಬರೋ ನಿನ್ನ ವಯಸ್ಸಿನವರೆಲ್ಲ ನನ್ನ ಮುಂದೆ ಹೀಗೇ ತೂಕಡಿಸ್ತಾರೆ. ಹೊಗೆ ಬರೀ ಎದೆಗೆ ಹೋಗುತ್ತೆ ಅಂದ್ಕೊಂಡಿದೀರ. ತಲೆಗೂ ಏರುತ್ತೆ."

ಬುಧವಾರ ಸಂಜೆ ಸಾರೂಲ್ ಅತ್ತೆಯನ್ನು ಕೇಳಿದಳು. ನಾಳೆ ಒಂದು ದಿನ ಎಂಟೂವರೆವರೆಗೆ ನೆತ್ತಿಗಂಬಳಿ ಸರಿಸುವುದಿಲ್ಲ, ಒಲೆಯನ್ನೂ ಹೊತ್ತಿಸುವುದಿಲ್ಲ, ಹೊಗೆ ಇಳಿಯುವ ಹೊತ್ತಿನಲ್ಲಿ ನಿದ್ದೆ ಮಾಡುತ್ತೇನೆ ಎಂದಳು.

"ಬೆಳಕಾದ ಮೇಲೂ ನೆತ್ತಿ ಮುಚ್ಚಿರೋ ಮನೆ ಅಂದ್ರೆ ಹೆಣ ಇರೋ ಮನೆ," ಎಂದಳು ಖಂಡ್ಸುರೇನ್. "ನಾನಿನ್ನೂ ಸತ್ತಿಲ್ಲ."

ಮಾತು ಅಲ್ಲಿಗೆ ಮುಗಿಯಿತು ಎಂದು ಅತ್ತೆ ತಿಳಿದಳು. ಗುರುವಾರ ಆರು ಗಂಟೆಗೆ ಸಾರೂಲ್ ಏಳಲಿಲ್ಲ. ಖಂಡ್ಸುರೇನ್‌ಗೆ ಎಚ್ಚರವಾಗಿತ್ತು. ಎರಡು ಸಲ ಕೆಮ್ಮಿದಳು, ಮಂಚ ಕಿರುಗುಟ್ಟಿಸಿದಳು. ಎದ್ದು ತಾನೇ ಹಗ್ಗ ಎಳೆಯಬಹುದಿತ್ತು. ಮನೆಯಲ್ಲಿ ಸೊಸೆ ಇರುವಾಗ ಅತ್ತೆ ಹಗ್ಗ ಮುಟ್ಟಿದರೆ ಗುಡ್ಡದವರು ನಗುತ್ತಾರೆ. ಹಾಗಾಗಿ ಮೂಳೆ ಕೊರೆಯುವ ಚಳಿಯಲ್ಲಿ ಹಲ್ಲು ಕಚ್ಚಿಕೊಂಡು, ಇವಳು ಎಷ್ಟು ಹೊತ್ತು ಬಿದ್ದಿರುತ್ತಾಳೋ ನೋಡೇಬಿಡೋಣ ಎಂದು ಮಲಗೇ ಇದ್ದಳು. ಸಾರೂಲ್ ನಿಜವಾಗಿಯೂ ನಿದ್ದೆ ಹೋಗಿದ್ದಳು.

ಎಂಟೂಕಾಲಿಗೆ ಬಾಗಿಲು ತೆರೆಯಿತು. ಪಕ್ಕದ ಮನೆಯ ಯಾಂಜ್ಮಾ ಕೈಯಲ್ಲಿ ಸತ್ತವರಿಗೆ ಗೌರವಕ್ಕೆ ತರುವ ನೀಲಿ ವಸ್ತ್ರ, ಕಣ್ಣಲ್ಲಿ ನೀರು. ಅವಳ ಹಿಂದೆ ಬೇಲಿಯಾಚೆಯ ನಾಲ್ವರು ಟೋಪಿ ಸರಿಮಾಡಿಕೊಳ್ಳುತ್ತ, ದನಿ ತಗ್ಗಿಸಿ ಒಳಬಂದರು. ಚಿಮಣಿಯಲ್ಲಿ ಹೊಗೆಯಿಲ್ಲ, ನೆತ್ತಿ ಮುಚ್ಚಿದೆ. ಖಂಡ್ಸುರೇನ್ ಅಕ್ಕ ಹೋಗಿಬಿಟ್ಟಳು ಎಂದೇ ಅವರೆಲ್ಲ ತೀರ್ಮಾನಿಸಿದ್ದರು. ಅಕ್ಕ ಎದ್ದು ಕೂತಳು. ಯಾಂಜ್ಮಾ ಒಂದು ಹೆಜ್ಜೆ ಹಿಂದೆ ಸರಿದು ಯಾರದೋ ಕಾಲು ತುಳಿದಳು.

"ಯಾರೂ ಸತ್ತಿಲ್ಲ, ಯಾಂಜ್ಮಾ," ಎಂದಳು ಖಂಡ್ಸುರೇನ್. "ಸೊಸೆ ಮಲಗಿದಾಳೆ."

ಸಾವಿನ ಸುದ್ದಿಯಾಗಿದ್ದರೆ ಅವರು ಅಷ್ಟು ಮೌನವಾಗುತ್ತಿರಲಿಲ್ಲ. ಒಬ್ಬ ನಗು ತಡೆಯಲು ಮೂಗೊರೆಸಿಕೊಂಡ. ಅವರು ಹೋದ ಮೇಲೆ ಸಾರೂಲ್ ಎದ್ದು ಕೋಟು ತೊಟ್ಟಳು. ಅತ್ತೆ ಅವಳತ್ತ ನೋಡದೆ ಮಾತಾಡಿದಳು.

"ಇವತ್ತು ಆ ದೀಪದ ಆಟಕ್ಕೆ ಹೋದ್ರೆ ಮತ್ತೆ ಈ ಮನೆ ಒಲೆ ಮುಟ್ಬೇಡ."

"ಆಗ್ಲಿ ಅತ್ತೆ. ನಿಮ್ಮ ಒಲೆ ನಿಮಗೇ ಇರ್ಲಿ."

ಡಿಪೋದಲ್ಲಿ ಇಪ್ಪತ್ತೈದು ಸಲ ದೀಪ ಹತ್ತಿತು. ಇಪ್ಪತ್ತಕ್ಕೆ ಪಾಸು; ಸಾರೂಲ್‌ಗೆ ಇಪ್ಪತ್ತೇ ಬಂತು. ಡಾಕ್ಟರ್ ಓಯುನ್ ಸಹಿ ಹಾಕಿದಳು, ಆದರೆ ಮುಖ ಸಡಿಲಿಸಲಿಲ್ಲ. ಒಂದು ಬೆಳಗಿನ ನಿದ್ದೆಯಿಂದ ತಲೆ ತೊಳೆದುಹೋಗುವುದಿಲ್ಲ, ಎರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷೆಗೆ ಕೂರಿಸುತ್ತೇನೆ, ಆಗಲೂ ಇಪ್ಪತ್ತೇ ಬಂದರೆ ಸ್ಟೇರಿಂಗ್ ಕೊಡುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಸಾರೂಲ್ ಪೇಟೆಯ ನಡುವಿನ ಡ್ರೈವರ್ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚಕ್ಕೆ ಹೆಸರು ಬರೆಸಿದಳು. ಗಂಡನಿಗೆ ಆಮೇಲೆ ಹೇಳಿದರಾಯಿತು.

ಹಾಸಿಗೆ ತರಲು ಗುಡ್ಡ ಹತ್ತಿದಾಗ ಅದು ಆಗಲೇ ಬಾಗಿಲ ಹೊರಗೆ ಹಿಮದ ಮೇಲಿತ್ತು. ಬಿಗಿಯಾಗಿ ಸುತ್ತಿ, ಎರಡು ಕಡೆ ಕಟ್ಟಿ, ಸಾರೂಲ್ ಮದುವೆಗೆ ತಂದಿದ್ದ ಬಟ್ಟಲನ್ನೂ ಒಳಗೇ ತುರುಕಿ ಇಟ್ಟಿದ್ದಳು ಅತ್ತೆ. ಸಾರೂಲ್ ಬಾಗಿಲು ತಟ್ಟಲಿಲ್ಲ. ಗಂಟನ್ನು ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ಕಡೆ ಇಳಿದಳು.